ಅಟ್ಟಣೆ, ಮಚಾನು ಮತ್ತು ಅಕ್ಕನ ಮಗ ಕಳಿಸಿದ ಫೋಟೋ

ಹೋದ ವಾರ ಅಕ್ಕನ ಮಗ ಅಮೆರಿಕಾದ ಮಿಶಿಗನ್‌ನಿಂದ ಒಂದು ಫೋಟೋ ಕಳಿಸಿದ್ದ. ಕೊಂಬೆಯಿಲ್ಲದ ನೆಟ್ಟಗಿನ ಮರ, ಅದಕ್ಕೆ ಅಲ್ಯೂಮಿನಿಯಂನ ಎರಡು ಚೌಕಟ್ಟು. ಮೇಲಿನದು ಕೂರೋಕೆ, ಕೆಳಗಿನದು ಕಾಲಿಡೋಕೆ. ಮೇಲಿನದನ್ನ ಸರಿಸಿ, ಕೆಳಗಿನದನ್ನ ಕಾಲಲ್ಲಿ ಎಳ್ಕೊಂಡು, ಕಂಬಳಿಹುಳ ಹತ್ತಿದ ಹಾಗೆ ಹತ್ತೋದು. ಆಫೀಸಿನ ಗೆಳೆಯರು ಜಿಂಕೆ ಬೇಟೆಗೆ ಕರೆದಿದ್ದಾರಂತೆ. "ಮಾವ, ನಮ್ಮ ಅಟ್ಟಣೆ ಥರಾನೇ ಅಲ್ವಾ? ಎಂಥದ್ದು ತಗೊಳ್ಳಲಿ?" ಅಂತ ಕೇಳಿದ. ಚಿಕ್ಕವನಿದ್ದಾಗ ರಜಕ್ಕೆ ಬಂದು ನಮ್ಮ ಅಟ್ಟಣೆ ಮೇಲೇ ಮಲಗ್ತಿದ್ದ ಹುಡುಗ.

ಹೌದು, ಎರಡೂ ಒಂದೇ ಜಾತಿ. ಇಂಗ್ಲಿಷಿನವರು ಮಚಾನು ಅಂತ ಬರೆದುಕೊಂಡ ಹಿಂದಿ ಮಾತಿನ ಬೇರು ನಮ್ಮ ಮನೆಯ ಮಂಚವೇ, ಸಂಸ್ಕೃತದ್ದು. ಜಿಂಕೆ ತಲೆ ಎತ್ತಿ ಮರ ನೋಡೋದು ಕಡಿಮೆ. ಮನುಷ್ಯನ ವಾಸನೆಯೂ ಅದರ ಮೂಗಿನ ಮೇಲಿಂದ ಹಾದು ಹೋಗುತ್ತೆ. ಎತ್ತರದ ಗುಟ್ಟು ಅಷ್ಟೇ. ಗಾಳಿ ತಿರುಗಿದರೆ ಮಾತ್ರ ಎಷ್ಟು ಎತ್ತರ ಕೂತರೂ ದಂಡ.

ನಮ್ಮ ನಾಡಲ್ಲಿ ಬೇಟೆಗೆ ಕಲ್ಲಿನ ಸಾಕ್ಷಿ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949-50ರದು. ಯುದ್ಧದಲ್ಲಿ ಮೆಚ್ಚುಗೆ ಗಳಿಸಿದ ಮಣಲೇರ ಕೇಳಿ ಪಡೆದದ್ದು ಕಾಳಿ ಅನ್ನೋ ನಾಯಿ. ಅದು ಕಾಡುಹಂದಿ ಮೇಲೆ ಬಿದ್ದು, ಹಂದಿಯನ್ನೂ ಕೊಂದು ತಾನೂ ಸತ್ತಿತು. ಆ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಹುಲಿಗೆ, ಹಂದಿಗೆ ಎದುರು ನಿಂತವರ ವೀರಗಲ್ಲು ಬೇಕಾದಷ್ಟು ನೋಡಿದ್ದೀನಿ. ಅಟ್ಟಣೆ ಮೇಲೆ ಚಳಿಯಲ್ಲಿ ಕೂತು ರಾಗಿ ಉಳಿಸಿದವನ ಕಲ್ಲು ಒಂದನ್ನೂ ನೋಡಿಲ್ಲ!

ನಮ್ಮ ತಾತನ ಹತ್ರ ಕೇಪಿನ ಕೋವಿ ಇತ್ತು. ಒಂದು ಗುಂಡು ಹೊಡೆದ ಮೇಲೆ ಮದ್ದು ತುಂಬಿ ಗಜ ಹಾಕಿ ಜಡಿಯೋ ಹೊತ್ತಿಗೆ ಕಡವೆ ಹಳ್ಳ ದಾಟಿರ್ತಿತ್ತು. ಅದಕ್ಕೇ ಹತ್ತಿರ ಬರೋ ತನಕ ಉಸಿರು ಬಿಗಿ ಹಿಡಿದು ಕೂರಬೇಕು. ಬಿಲ್ಲಿನವನಿಗೆ ಇನ್ನೂ ಹತ್ತಿರ ಬೇಕು, ಜೊತೆಗೆ ಹೆದೆ ಎಳೆಯೋಕೆ ಮೊಣಕೈಗೆ ಜಾಗವೂ ಬೇಕು.

ಆಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಅದು ಹಿಂದೆ ಮೈಸೂರು ಮಹಾರಾಜರು ಬೇಟೆಯಾಡ್ತಿದ್ದ ಕಾಡು. ಅಟ್ಟಣೆ ಉಳೀತು, ಕೋವಿ ಇಳೀತು. ಈಗ ನಮ್ಮ ಕೈಲಿರೋದು ಟಾರ್ಚು, ತಗಡಿನ ಡಬ್ಬ. ಹೋದ ವರ್ಷ ಒಂದೇ ರಾತ್ರಿ ಅರ್ಧ ಎಕರೆ ಅವರೆ ಜಿಂಕೆ ಪಾಲಾಯ್ತು. ಅವತ್ತು ತಾತನ ಕೋವಿ ನೆನಪಾಗಲಿಲ್ಲ ಅಂದರೆ ಸುಳ್ಳಾಗುತ್ತೆ. ಆದರೂ ಕಾಯ್ದೆ ಬೇಕಿತ್ತು ಅಂತಲೇ ನನ್ನ ಲೆಕ್ಕ. ಅದಿಲ್ಲದಿದ್ದರೆ ಬೈಯೋಕೂ ಒಂದು ಜಿಂಕೆ ಇರ್ತಿರಲಿಲ್ಲ.

ಅಮೆರಿಕಾದವರು ಬೇರೆ ದಾರಿ ಹಿಡಿದರು. ಅಲ್ಲೂ ನೂರಿಪ್ಪತ್ತು ವರ್ಷದ ಹಿಂದೆ ಜಿಂಕೆ ಬರಿದಾಗುವ ಮಟ್ಟಕ್ಕೆ ಬಂದಿತ್ತು. ಲೈಸೆನ್ಸು, ಕಾಲಮಿತಿ ತಂದರು. 1937ರ ಕಾಯ್ದೆಯಲ್ಲಿ ಬಂದೂಕು, ಗುಂಡಿನ ಮೇಲಿನ ತೆರಿಗೆಯನ್ನ ಕಾಡುಪ್ರಾಣಿ ಕೆಲಸಕ್ಕೇ ಮೀಸಲಿಟ್ಟರು. ಮಿಶಿಗನ್‌ನಲ್ಲಿ ಬಿಲ್ಲಿನ ಬೇಟೆ ಅಕ್ಟೋಬರ್ 1ಕ್ಕೆ, ಬಂದೂಕಿನದು ನವೆಂಬರ್ 15ಕ್ಕೆ ಶುರು.

ಹುಡುಗನಿಗೆ ಫೋನಲ್ಲಿ ಹೇಳಿದೆ: ಕಂಪನಿ ಹೆಸರು ನನಗ್ಯಾಕೆ, ಎಷ್ಟು ತೂಕ ತಡೆಯುತ್ತೆ ನೋಡು, ನಿನ್ನ ತೂಕಕ್ಕೆ ಬಟ್ಟೆ, ಬಿಲ್ಲು, ಚೀಲ ಎಲ್ಲಾ ಸೇರಿಸು. ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ಹಗ್ಗ ಕಟ್ಟು, ಇಲ್ಲಾಂದ್ರೆ ಕಾಲಿನದು ಜಾರಿ ಬಿದ್ದರೆ ನೀನು ಮೇಲೇ ನೇತಾಡ್ತೀಯ. ಬಿಲ್ಲು ಹಿಡ್ಕೊಂಡು ಹತ್ತಬೇಡ, ಮೇಲೆ ಕೂತ ಮೇಲೆ ಹಗ್ಗದಲ್ಲಿ ಎಳ್ಕೋ. ಮೈಪಟ್ಟಿ ಮಾತ್ರ ನೆಲ ಬಿಡೋ ಮೊದಲೇ ಮರಕ್ಕೆ ಸೇರಿಸ್ಕೋ.

"ಹನ್ನೆರಡು ಅಡಿಗೆ ಅಷ್ಟೆಲ್ಲಾ ಬೇಕಾ ಮಾವ?" ಅಂದ.

ನಾನು ಏಳನೇ ಕ್ಲಾಸಲ್ಲಿದ್ದಾಗ ಅಪ್ಪ ನಿದ್ದೆಗಣ್ಣಲ್ಲಿ ಅಟ್ಟಣೆಯಿಂದ ಬಿದ್ದಿದ್ದು ಹತ್ತೇ ಅಡಿ. ಸೊಂಟ ಮುರಿದು, ಸಾಯೋವರೆಗೂ ಕೋಲು ಹಿಡಿದು ನಡೆದರು. ಅವನಿಗೆ ತಾತನ ಕೋಲು ನೆನಪಿದೆ, ಅದು ಹೇಗೆ ಬಂತು ಅಂತ ಯಾರೂ ಹೇಳಿರಲಿಲ್ಲ. ಅವತ್ತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ, ಆಮೇಲೆ ಪಟ್ಟಿ ಆರ್ಡರ್ ಮಾಡಿದ್ದೀನಿ ಅಂತ ಮೆಸೇಜು ಬಂತು.