ಚಿಂದಿ ಕಾಗದಗಳಲ್ಲಿ ಉಳಿದ ಊರು: ಫುಸ್ತಾತ್‌ನ ಯಹೂದಿಗಳು

ನಮ್ಮ ಮಕ್ಕಳಿಗೆ ಯಹೂದಿಗಳ ಪರಿಚಯ ಆಗುವುದು ಹೆಚ್ಚಾಗಿ ಎರಡನೆಯ ಮಹಾಯುದ್ಧದ ಪಾಠದಲ್ಲಿ. ಹಿಟ್ಲರನ ಹೆಸರಿನ ಜೊತೆಗೆ ಅವರ ಹೆಸರು ಬರುತ್ತದೆ. ಲಕ್ಷಗಟ್ಟಲೆ ಜನ ಸತ್ತರೆಂಬ ಸಂಖ್ಯೆಯನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಆ ಜನ ಹೇಗೆ ಸತ್ತರೆಂಬುದು ತಿಳಿಯುತ್ತದೆ. ಹೇಗೆ ಬದುಕುತ್ತಿದ್ದರೆಂಬುದು ತಿಳಿಯುವುದಿಲ್ಲ. ಈ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದ ವರ್ಷಗಳಲ್ಲಿ ಈ ಕೊರತೆ ನನ್ನನ್ನು ಕಾಡಿದ್ದುಂಟು. ಆದ್ದರಿಂದ ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಯಹೂದಿಗಳು ದುಡಿದು, ವ್ಯಾಪಾರ ಮಾಡಿ, ಪ್ರಾರ್ಥಿಸಿ, ಜಗಳವಾಡಿ, ಮಕ್ಕಳನ್ನು ಶಾಲೆಗೆ ಕಳಿಸಿ ಬಾಳಿದ ಒಂದು ಊರಿನ ಕತೆಯನ್ನು ಬರೆಯೋಣವೆಂದುಕೊಂಡೆ. ಆ ಊರು ಈಜಿಪ್ಟಿನ ಫುಸ್ತಾತ್, ಇಂದಿನ ಹಳೆಯ ಕೈರೋ. ದೂರದ ಊರಾದರೂ ಅದರ ಒಂದು ಎಳೆ ನಮ್ಮ ಮಂಗಳೂರಿನವರೆಗೆ ಚಾಚಿದೆ.

ಏಳನೆಯ ಶತಮಾನದಲ್ಲಿ ಅರಬರು ಈಜಿಪ್ಟನ್ನು ಗೆದ್ದಾಗ ನೈಲ್ ನದಿಯ ದಡದಲ್ಲಿ ಕಟ್ಟಿದ ಪಟ್ಟಣ ಫುಸ್ತಾತ್. 969ರಲ್ಲಿ ಫಾತಿಮಿ ಅರಸರು ಅದರ ಉತ್ತರಕ್ಕೆ ಕೈರೋವನ್ನು ಕಟ್ಟಿದರು. ಅರಮನೆ, ಸೈನ್ಯ, ದರ್ಬಾರು ಕೈರೋದಲ್ಲಿ. ಅಂಗಡಿ, ಕಾರ್ಖಾನೆ, ಕೂಲಿ, ಸಾಲ ಫುಸ್ತಾತ್‌ನಲ್ಲಿ. ಅಲ್ಲಿ ಮುಸಲ್ಮಾನರು, ಕ್ರೈಸ್ತರು ಮತ್ತು ಯಹೂದಿಗಳು ಅಕ್ಕಪಕ್ಕದ ಮನೆಗಳಲ್ಲಿ ವಾಸವಾಗಿದ್ದರು. ಯಹೂದಿಗಳನ್ನು ಗೋಡೆ ಕಟ್ಟಿ ಬೇರೆ ಕೇರಿಯಲ್ಲಿಡುವ ಪದ್ಧತಿ ಅಲ್ಲಿರಲಿಲ್ಲ. ಆದರೆ ಸಮಾನತೆಯೂ ಇರಲಿಲ್ಲ. ಮುಸಲ್ಮಾನರಲ್ಲದ ಗಂಡಸರು ವರ್ಷಕ್ಕೊಮ್ಮೆ ಜಿಜಿಯಾ ತಲೆಗಂದಾಯ ಕೊಡಬೇಕಿತ್ತು. ಉಳ್ಳವರಿಗೆ ಅದು ಲೆಕ್ಕವಲ್ಲ. ದಿನಗೂಲಿಯವನಿಗೆ ದೊಡ್ಡ ಹೊರೆ. ಕಂದಾಯ ಕಟ್ಟಲಾಗದೆ ಮನೆಯಲ್ಲೇ ಅಡಗಿ ಕುಳಿತವರ, ನೆರವು ಬೇಡಿ ಅರ್ಜಿ ಬರೆದವರ ಗೋಳು ಇಂದಿಗೂ ಓದಲು ಸಿಗುತ್ತದೆ.

ಇಷ್ಟು ಹಿಂದಿನ ಬಡವರ ಅರ್ಜಿಗಳು ಉಳಿದದ್ದಾದರೂ ಹೇಗೆ? ಪುಸ್ತಕಕ್ಕೆ ಕಾಲು ತಾಗಿದರೆ ನಾವು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಒಡೆದ ದೇವರ ಪಟವನ್ನು ಕಸಕ್ಕೆ ಎಸೆಯದೆ ಅಶ್ವತ್ಥ ಕಟ್ಟೆಯ ಮೇಲಿಟ್ಟು ಬರುತ್ತೇವೆ. ಯಹೂದಿಗಳಲ್ಲಿಯೂ ಇಂಥದೇ ಒಂದು ನಡವಳಿಕೆ ಇದೆ. ದೇವರ ಹೆಸರಿರುವ ಬರಹವನ್ನು ಹರಿದು ಬಿಸಾಡಬಾರದು, ಸುಡಬಾರದು. ಹಳತಾದರೆ ಒಂದು ಕಡೆ ಕೂಡಿಟ್ಟು ಮುಂದೆ ಮಣ್ಣಿನಲ್ಲಿ ಹೂಳಬೇಕು. ಹಾಗೆ ಕೂಡಿಡುವ ಜಾಗಕ್ಕೆ ಗೆನೀಜಾ ಎನ್ನುತ್ತಾರೆ. ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗಿನಲ್ಲಿ, ಅಂದರೆ ಪ್ರಾರ್ಥನಾ ಮಂದಿರದಲ್ಲಿ, ಅಂಥ ಒಂದು ಕೋಣೆಯಿತ್ತು. ಅಲ್ಲಿನ ಯಹೂದಿಗಳ ಆಡುಮಾತು ಅರಬ್ಬಿ. ಆದರೆ ಅದನ್ನು ಬರೆಯುತ್ತಿದ್ದುದು ಹೆಚ್ಚಾಗಿ ಹೀಬ್ರೂ ಅಕ್ಷರಗಳಲ್ಲಿ. ಆ ಅಕ್ಷರಗಳ ಮೇಲಿನ ಗೌರವದಿಂದ ಧರ್ಮಗ್ರಂಥದ ಹಾಳೆಗಳ ಜೊತೆಗೆ ಅಂಗಡಿಯ ಲೆಕ್ಕ, ಸಾಲಪತ್ರ, ಮದುವೆಯ ಕರಾರು, ಔಷಧಿಯ ಚೀಟಿ, ಮಗುವಿನ ಅಕ್ಷರಾಭ್ಯಾಸದ ಹಾಳೆ ಎಲ್ಲವೂ ಕೋಣೆ ಸೇರಿದವು. ಅವುಗಳನ್ನು ಹೂಳುವ ಕೆಲಸ ಮಾತ್ರ ಯಾರಿಂದಲೂ ಆಗಲಿಲ್ಲ. ಈಜಿಪ್ಟಿನ ಒಣಹವೆ ಉಳಿದ ಕೆಲಸ ಮಾಡಿತು.

1896ರಲ್ಲಿ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಅಕ್ಕತಂಗಿಯರು ಪೂರ್ವದೇಶಗಳ ಪ್ರವಾಸದಲ್ಲಿ ಕೊಂಡು ತಂದ ಕೆಲವು ಹಳೆಯ ಹಾಳೆಗಳನ್ನು ಕೇಂಬ್ರಿಡ್ಜಿನ ವಿದ್ವಾಂಸ ಸಾಲೊಮನ್ ಶೆಕ್ಟರ್ ನೋಡಿದರು. ಅವುಗಳ ಮೂಲ ಹುಡುಕಿ ಅವರು ಕೈರೋಗೆ ಹೋದರು. ಧೂಳು ತುಂಬಿದ ಆ ಕೋಣೆಯಿಂದ ಅವರು ತಂದ ತುಣುಕುಗಳು ಕೇಂಬ್ರಿಡ್ಜಿನ ಗ್ರಂಥಾಲಯದಲ್ಲಿ ಸುಮಾರು 1,93,000 ಇವೆ. ಬೇರೆ ಬೇರೆ ದೇಶಗಳಿಗೆ ಚದುರಿದವನ್ನೂ ಸೇರಿಸಿದರೆ ಲೆಕ್ಕ ಹಲವು ಲಕ್ಷವಾಗುತ್ತದೆ. ಎಸ್. ಡಿ. ಗೋಯ್ಟೈನ್ ಎಂಬ ಇತಿಹಾಸಕಾರ ತಮ್ಮ ಆಯುಷ್ಯದ ದೊಡ್ಡ ಭಾಗವನ್ನು ಈ ಚಿಂದಿಗಳಿಗೆ ಕೊಟ್ಟು, ಐದು ಸಂಪುಟಗಳಲ್ಲಿ ಆ ಸಮಾಜದ ಬದುಕನ್ನು ಚಿತ್ರಿಸಿದರು. ಮೊದಲ ಸಂಪುಟ 1967ರಲ್ಲಿ ಬಂತು.

ಗೋಯ್ಟೈನ್ ಈ ಕಾಗದಗಳಲ್ಲಿ ಗುರುತಿಸಿದ ವೃತ್ತಿಗಳು ಸುಮಾರು 450. ಬಟ್ಟೆಗೆ ಬಣ್ಣ ಹಾಕುವವರು, ಅದರಲ್ಲೂ ನೀಲಿಯವರು ಬೇರೆ. ರೇಷ್ಮೆ ಕೆಲಸದವರು, ಗಾಜು ಮಾಡುವವರು, ಸಕ್ಕರೆ ತಯಾರಿಸುವವರು, ಅಕ್ಕಸಾಲಿಗರು, ಔಷಧಿ ಮಾರುವವರು, ವೈದ್ಯರು, ಹಣ ಬದಲಿಸುವ ಸರಾಫರು, ದಲ್ಲಾಳಿಗಳು. ಯಹೂದಿ ಎಂದರೆ ಬಡ್ಡಿ ವ್ಯಾಪಾರಿ ಎಂಬ ಯೂರೋಪಿನ ಹಳೆಯ ಚಿತ್ರ ಇಲ್ಲಿ ನಿಲ್ಲುವುದಿಲ್ಲ. ಇದು ಕೈಕೆಲಸದವರ ಊರು. ಒಂದು ಸಾಧಾರಣ ಕುಟುಂಬಕ್ಕೆ ತಿಂಗಳಿಗೆ ಎರಡು ದೀನಾರ್ ಇದ್ದರೆ ಸಂಸಾರ ಸಾಗುತ್ತಿತ್ತೆಂದು ಗೋಯ್ಟೈನ್ ಅಂದಾಜು ಮಾಡಿದ್ದಾರೆ.

ಶುಕ್ರವಾರ ಸೂರ್ಯ ಮುಳುಗಿದರೆ ಶನಿವಾರ ಕತ್ತಲಾಗುವವರೆಗೆ ಯಹೂದಿಗಳಿಗೆ ಸಬ್ಬತ್. ಕೆಲಸವಿಲ್ಲ, ವ್ಯಾಪಾರವಿಲ್ಲ, ಒಲೆ ಹೊತ್ತಿಸುವಂತಿಲ್ಲ. ಹಾಗಾದರೆ ಬೇರೆ ಧರ್ಮದವರ ಜೊತೆ ಪಾಲುದಾರಿಕೆ ಹೇಗೆ? ಅಕ್ಕಸಾಲೆ ಮತ್ತು ಗಾಜಿನ ಕೆಲಸದ ಪಾಲುದಾರರ ಬಗ್ಗೆ ಒಂದು ಪ್ರಶ್ನೆ ಧರ್ಮಗುರು ಮೈಮೋನಿಡಿಸ್ ಅವರ ಮುಂದೆ ಬಂದಿತ್ತು. ಪಾಲುದಾರರಲ್ಲಿ ಕೆಲವರು ಯಹೂದಿಗಳು, ಕೆಲವರು ಮುಸಲ್ಮಾನರು. ಶುಕ್ರವಾರದ ಗಳಿಕೆ ಯಹೂದಿಗಳಿಗೆ, ಶನಿವಾರದ ಗಳಿಕೆ ಮುಸಲ್ಮಾನರಿಗೆ ಎಂದು ಅವರು ತಮ್ಮೊಳಗೇ ಒಪ್ಪಂದ ಮಾಡಿಕೊಂಡಿದ್ದರು. ಅದು ಸರಿಯೇ ಎಂಬುದು ಪ್ರಶ್ನೆ. ಸರಿ ಎಂದು ಅವರು ಉತ್ತರ ಕೊಟ್ಟರು. ಎರಡು ಧರ್ಮದವರು ಒಂದೇ ಕುಲುಮೆಯ ಮುಂದೆ ಕೂತು, ತಮ್ಮ ತಮ್ಮ ದೇವರ ದಿನವನ್ನು ಬಿಟ್ಟುಕೊಡದೆ, ಅನ್ನದ ಪ್ರಶ್ನೆಯನ್ನು ಹೀಗೆ ಬಗೆಹರಿಸಿಕೊಂಡರು. ಸೌಹಾರ್ದದ ಬಗ್ಗೆ ತರಗತಿಯಲ್ಲಿ ಮಾತಾಡಬೇಕಾದಾಗಲೆಲ್ಲ ನಾನು ಈ ಉದಾಹರಣೆಯನ್ನೇ ಕೊಟ್ಟಿದ್ದೇನೆ.

ಆ ಊರಿನ ಯಹೂದಿಗಳೇನೂ ಒಂದೇ ಮನಸ್ಸಿನವರಾಗಿರಲಿಲ್ಲ. ಪ್ಯಾಲೆಸ್ತೀನಿನ ಸಂಪ್ರದಾಯದವರಿಗೆ ಒಂದು ಸಿನಗಾಗ್, ಇರಾಕಿನ ಸಂಪ್ರದಾಯದವರಿಗೆ ಇನ್ನೊಂದು. ಇರಾಕಿನವರು ತೋರಾ ಗ್ರಂಥದ ಪಾರಾಯಣವನ್ನು ಒಂದು ವರ್ಷದಲ್ಲಿ ಮುಗಿಸಿದರೆ, ಇನ್ನೊಂದು ಪಂಗಡಕ್ಕೆ ಮೂರು ವರ್ಷ ಬೇಕಾಗುತ್ತಿತ್ತು. ಆದರೂ ವರ್ಷದಲ್ಲಿ ಎರಡು ಹಬ್ಬಗಳಂದು ಎಲ್ಲರೂ ಸೇರಿ ಪ್ರಾರ್ಥಿಸುತ್ತಿದ್ದರೆಂದು ಹನ್ನೆರಡನೆಯ ಶತಮಾನದ ಪ್ರವಾಸಿ ತುದೇಲಾದ ಬೆಂಜಮಿನ್ ಬರೆದಿದ್ದಾನೆ. ಸೋಮವಾರ ಮತ್ತು ಗುರುವಾರ ಸಮುದಾಯದ ನ್ಯಾಯಸ್ಥಾನ ಸೇರುತ್ತಿತ್ತು. ಮಂಗಳವಾರ ಮತ್ತು ಶುಕ್ರವಾರ ಬಡವರಿಗೆ ರೊಟ್ಟಿ ಹಂಚುತ್ತಿದ್ದರು. ರೊಟ್ಟಿ ಪಡೆದವರ ಪಟ್ಟಿಗಳು ಉಳಿದಿವೆ. ಕುರುಡರು, ವಿಧವೆಯರು, ಪರವೂರಿನಿಂದ ಬಂದವರು, ತಬ್ಬಲಿ ಮಕ್ಕಳ ತಾಯಂದಿರು ಅಲ್ಲಿದ್ದಾರೆ. ಕಡಲ್ಗಳ್ಳರು ಹಿಡಿದು ತಂದ ಯಹೂದಿಯನ್ನು ಬಿಡಿಸಿಕೊಳ್ಳುವುದು ಇಡೀ ಸಮುದಾಯದ ಹೊಣೆ. ಮೂವರಿಗೆ ನೂರು ದೀನಾರ್ ಎಂಬುದು ರೂಢಿಯ ದರ. ಮೇಲೆ ಹೇಳಿದ ಸಂಸಾರದ ಲೆಕ್ಕದಲ್ಲಿ ನೋಡಿದರೆ, ಒಬ್ಬನ ಬಿಡುಗಡೆಗೆ ಒಂದು ಕುಟುಂಬದ ಒಂದು ವರ್ಷಕ್ಕೂ ಮೀರಿದ ಖರ್ಚು! ಆದರೂ ಚಂದಾ ಎತ್ತಿ ಬಿಡಿಸುತ್ತಿದ್ದರು.

ಮೈಮೋನಿಡಿಸ್ ಈ ಊರಿಗೆ ಬಂದು ನೆಲೆಸಿದ್ದು 1168ರ ಸುಮಾರಿಗೆ. ಅವರ ತಮ್ಮ ಡೇವಿಡ್ ರತ್ನದ ವ್ಯಾಪಾರಿ. ಅಣ್ಣ ಓದು ಬರಹದಲ್ಲಿರಲೆಂದು ತಮ್ಮ ದುಡಿಯುತ್ತಿದ್ದ. ಭಾರತಕ್ಕೆ ಹೊರಟ ಅವನು ಹಿಂದೂ ಮಹಾಸಾಗರದಲ್ಲಿ ಹಡಗಿನೊಂದಿಗೆ ಮುಳುಗಿದ. ಹೋಗುವ ದಾರಿಯಲ್ಲಿ ಐಧಾಬ್ ಬಂದರಿನಿಂದ ಅವನು ಅಣ್ಣನಿಗೆ ಬರೆದ ಕಾಗದ ಗೆನೀಜಾದಲ್ಲಿ ಸಿಕ್ಕಿದೆ. ಆ ಸುದ್ದಿ ಕೇಳಿ ಮೈಮೋನಿಡಿಸ್ ಸುಮಾರು ಒಂದು ವರ್ಷ ಹಾಸಿಗೆ ಹಿಡಿದರು. ಆಮೇಲೆ ವೈದ್ಯವೃತ್ತಿಯಿಂದ ಮನೆ ನಡೆಸಿದರು. ಬೆಳಿಗ್ಗೆ ಕೈರೋದ ದರ್ಬಾರಿಗೆ ಹೋಗಿ ಮಧ್ಯಾಹ್ನದ ಮೇಲೆ ಹಸಿದು ಮನೆಗೆ ಬಂದರೆ, ಯಹೂದಿಗಳೂ ಅನ್ಯರೂ ಸೇರಿ ಮನೆ ತುಂಬ ರೋಗಿಗಳು. ಕೊನೆಗೆ ದಣಿವಿನಿಂದ ಮಲಗಿಕೊಂಡೇ ಔಷಧಿ ಹೇಳುತ್ತಿದ್ದೆನೆಂದು 1199ರ ಒಂದು ಪತ್ರದಲ್ಲಿ ಬರೆದಿದ್ದಾರೆ. ದಾನದಲ್ಲಿ ಎಂಟು ಮೆಟ್ಟಿಲುಗಳನ್ನು ಹೇಳಿದ ಅವರು, ಬಡವನಿಗೆ ಸಾಲವನ್ನೋ ಪಾಲುದಾರಿಕೆಯನ್ನೋ ಕೆಲಸವನ್ನೋ ಕೊಟ್ಟು ಅವನು ಮತ್ತೆ ಕೈಚಾಚದಂತೆ ಮಾಡುವುದನ್ನು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿಟ್ಟರು. ಅದೇ ಶತಮಾನದಲ್ಲಿ ನಮ್ಮ ಕಲ್ಯಾಣದ ಶರಣರು ಕಾಯಕದ ಮಾತನ್ನು ಹೇಳಿದ್ದರು. ಇವರಿಗೆ ಅವರ ಸುದ್ದಿ ಗೊತ್ತಿರಲಿಲ್ಲ. ದುಡಿಮೆಯ ಬೆಲೆ ಇಬ್ಬರಿಗೂ ಗೊತ್ತಿತ್ತು.

ಶಾಲೆಯ ಸಂಚಿಕೆಯಲ್ಲಿ ಆ ಊರಿನ ಮಕ್ಕಳನ್ನು ಮರೆಯುವಂತಿಲ್ಲ. ಗುರುಗಳು ದೊಡ್ಡ ಅಕ್ಷರಗಳ ಅಂಚನ್ನಷ್ಟೇ ಬರೆದು, ಒಳಗೆ ಬಣ್ಣ ತುಂಬಲು ಮಕ್ಕಳಿಗೆ ಕೊಟ್ಟ ಹಾಳೆಗಳು ಸಿಕ್ಕಿವೆ. ತಬ್ಬಲಿಗಳ ಮತ್ತು ಬಡಮಕ್ಕಳ ಶುಲ್ಕವನ್ನು ಸಮುದಾಯವೇ ಕೊಡುತ್ತಿತ್ತು. ಮಗ ಮನೆಯಲ್ಲಿ ಅರಬ್ಬಿ ಪಾಠ ಮಾಡುತ್ತಿದ್ದುದರಿಂದ ತಡವಾಯಿತು, ದಯವಿಟ್ಟು ಹೊಡೆಯಬೇಡಿ ಎಂದು ಗುರುಗಳಿಗೆ ಬರೆದ ಚೀಟಿಯೂ ಇದೆ. ಇಂಥ ಚೀಟಿಗಳನ್ನು ನಾನೂ ಬೇಕಾದಷ್ಟು ಓದಿದ್ದೇನೆ! 1100ರ ಸುಮಾರಿನಲ್ಲಿದ್ದ ಅಲ್-ವುಹ್ಶಾ ಎಂಬ ಹೆಣ್ಣುಮಗಳು ಸ್ವಂತವಾಗಿ ದಲ್ಲಾಳಿ ವ್ಯಾಪಾರ ಮಾಡಿ ಹಣ ಗಳಿಸಿದವಳು. ಮದುವೆಯ ಕಟ್ಟಳೆ ಮೀರಿ ಮಗುವಿನ ತಾಯಾದಳೆಂದು ಉಪವಾಸದ ದೊಡ್ಡ ಹಬ್ಬದಂದು ಅವಳನ್ನು ಸಿನಗಾಗಿನಿಂದ ಹೊರಗೆ ಕಳಿಸಿದ್ದರು. ಅವಳು ಉಯಿಲಿನಲ್ಲಿ ಸಿನಗಾಗುಗಳ ದೀಪದೆಣ್ಣೆಗೆ ಹಣ ಬಿಟ್ಟಳು, ರಾತ್ರಿ ಕೂತು ಓದುವವರಿಗೆ ಬೆಳಕಿರಲೆಂದು. ಮಗನಿಗೆ ಪಾಠ ಹೇಳುವ ಗುರುವಿಗೆ ಹೊದಿಕೆ, ಹಾಸಿಗೆ ಮತ್ತು ವಾರಕ್ಕೆ ಐದು ದಿರ್ಹಮ್ ಕೊಡಬೇಕೆಂದೂ ಬರೆಸಿದಳು.

ಇನ್ನು ಮಂಗಳೂರಿನ ಎಳೆ. ಟುನೀಸಿಯಾದ ಮಹ್ದಿಯಾ ಊರಿನ ಅಬ್ರಹಾಂ ಬೆನ್ ಯಿಜೂ ಎಂಬ ಯಹೂದಿ ವ್ಯಾಪಾರಿ ಏಡನ್ ಮಾರ್ಗವಾಗಿ ನಮ್ಮ ಕರಾವಳಿಗೆ ಬಂದು, 1132ರಿಂದ 1149ರವರೆಗೆ ಹೆಚ್ಚಿನ ಕಾಲ ಇಲ್ಲೇ ಇದ್ದ. ಆಗ ಇದು ಆಳುಪರ ನಾಡು. ಕರಿಮೆಣಸು, ಶುಂಠಿ, ಏಲಕ್ಕಿ, ಕಬ್ಬಿಣ, ಅಡಿಕೆ ಇಲ್ಲಿಂದ ಹೋಗುತ್ತಿದ್ದವು. ಏಡನ್‌ನಿಂದ ಹಳೆಯ ತಾಮ್ರದ ಪಾತ್ರೆಗಳು ಬರುತ್ತಿದ್ದವು. ಅವನ ಕಾರ್ಖಾನೆಯಲ್ಲಿ ನಮ್ಮ ಕಡೆಯ ಕಂಚುಗಾರರು ಅವನ್ನು ಕರಗಿಸಿ ದೀಪ, ಹರಿವಾಣ ಮಾಡಿ ಕೊಡುತ್ತಿದ್ದರು. ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಉಡುಗೊರೆ ಕಳಿಸುತ್ತಿದ್ದರು. ಈ ವ್ಯಾಪಾರಿಗಳ ಪತ್ರಗಳಲ್ಲಿ ಹೀಬ್ರೂ ಅಕ್ಷರಗಳ ನಡುವೆ ಪಟ್ಟಣಸ್ವಾಮಿ ಎಂಬ ಪದ ಬರುತ್ತದೆ. ಹುಂಚದ ಶಾಸನಗಳಲ್ಲಿ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿಯ ಹೆಸರು ಓದಿದವರಿಗೆ ಆ ಪದದ ಅರ್ಥ ಹೇಳಬೇಕಾಗಿಲ್ಲ. ಕಡಲ್ಗಳ್ಳರಿಂದ ಲೂಟಿಯಾದ ನೆಂಟನೊಬ್ಬನಿಗೆ ಮಹ್ರೂಜ್ ಎಂಬ ಇನ್ನೊಬ್ಬ ಯಹೂದಿ ವ್ಯಾಪಾರಿ ಮಂಗಳೂರಿನಿಂದ ಬರೆದ ಪತ್ರವಿದೆ. ಹಣ ಬೇಕಾದರೆ ನನ್ನ ಲೆಕ್ಕದಲ್ಲಿ ತಿಂಬು ಎಂಬ ಭಾರತೀಯ ಹಡಗಿನೊಡೆಯನಿಂದ ತೆಗೆದುಕೊ, ಅವನಿಗೂ ನನಗೂ ಬಿಡಿಸಲಾಗದ ಸೋದರಭಾವವಿದೆ ಎಂದು ಅದರಲ್ಲಿ ಹೇಳುತ್ತಾನೆ.

ಆದರೆ ಈ ಚಿತ್ರದಲ್ಲಿ ನೆರಳೂ ಇದೆ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜೂ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಅವಳಿಗೆ ಬೆರಾಖಾ ಎಂಬ ಹೊಸ ಹೆಸರಾಯಿತು. ಮುಂದೆ ಅವಳೇ ಅವನ ಮಕ್ಕಳ ತಾಯಿಯಾದಳೆಂದು ವಿದ್ವಾಂಸರು ಹೇಳುತ್ತಾರೆ. ವ್ಯಾಪಾರಕ್ಕೆಂದು ಏಡನ್‌ಗೆ ಹೋಗಿ ಬರುತ್ತಿದ್ದ ಬೊಮ್ಮ ಎಂಬವನೂ ಅವನ ದಾಸನೇ. ಏಡನ್‌ನ ದೊಡ್ಡ ವ್ಯಾಪಾರಿಗಳು ಪತ್ರದ ಕೊನೆಗೆ ಬೊಮ್ಮನಿಗೂ ನಮಸ್ಕಾರ ಹೇಳುತ್ತಿದ್ದರು. ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಈ ಬೊಮ್ಮನ ಜಾಡು ಹಿಡಿದು ಮಂಗಳೂರಿಗೆ ಬಂದಾಗ, ಆ ಹೆಸರನ್ನು ಬಿಡಿಸಲು ಅವರಿಗೆ ನೆರವಾದವರು ನಮ್ಮವರೇ ಆದ ಪ್ರೊ. ಬಿ. ಎ. ವಿವೇಕ ರೈ. ಬೊಮ್ಮ, ಆಶು ಇಬ್ಬರೂ ತಾವಾಗಿ ಬರೆದ ಒಂದು ಸಾಲೂ ನಮ್ಮ ಕೈಗೆ ಬಂದಿಲ್ಲ. ಒಡೆಯನ ಲೆಕ್ಕದ ಚೀಟಿ ಉಳಿದದ್ದರಿಂದ ಅವರ ಹೆಸರಾದರೂ ಉಳಿಯಿತು.

ಬೆನ್ ಯಿಜೂ ಕೊನೆಗೆ ಈಜಿಪ್ಟಿಗೆ ಮರಳಿ, ಮಗಳನ್ನು 1156ರಲ್ಲಿ ಫುಸ್ತಾತ್‌ನಲ್ಲಿ ತನ್ನ ಸೋದರನ ಮಗನಿಗೆ ಕೊಟ್ಟು ಮದುವೆ ಮಾಡಿದ. ಅವನ ಕಾಗದಗಳೂ ಆ ಕೋಣೆ ಸೇರಿದವು. ಈಜಿಪ್ಟಿನ ಯಹೂದಿ ಸಮುದಾಯ ಮಾತ್ರ ಇಂದು ಇಲ್ಲವೆನ್ನುವಷ್ಟು ಕಡಿಮೆ. 1948ರಲ್ಲಿ ಅಲ್ಲಿ ಸುಮಾರು 75,000 ಯಹೂದಿಗಳಿದ್ದರು. ಇಸ್ರೇಲ್ ಮತ್ತು ಅರಬ್ ದೇಶಗಳ ಯುದ್ಧಗಳ ನಡುವೆ, ವಿಶೇಷವಾಗಿ 1956ರ ನಂತರ, ಬಹುತೇಕ ಎಲ್ಲರೂ ಊರು ಬಿಟ್ಟರು. ಬೆನ್ ಎಜ್ರಾ ಸಿನಗಾಗ್ ಈಗ ಪ್ರವಾಸಿಗರು ನೋಡುವ ಕಟ್ಟಡ. ಒಂದೇ ಕುಲುಮೆಯ ಮುಂದೆ ಕೂತಿದ್ದವರ ಮೊಮ್ಮಕ್ಕಳ ಮೊಮ್ಮಕ್ಕಳು ಹೀಗೆ ದೂರವಾದರೆಂಬುದನ್ನೂ ಮಕ್ಕಳಿಗೆ ಹೇಳಲೇಬೇಕು. ಇಲ್ಲವಾದರೆ ನಾವು ಹೇಳಿದ್ದು ಅರ್ಧ ಇತಿಹಾಸವಾಗುತ್ತದೆ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಕೇಳಿದ್ದಳು: "ಟೀಚರ್, ರಾಜನಿಗೆ ಅನ್ನ ಬೇಯಿಸಿದವರ ಹೆಸರು ಪುಸ್ತಕದಲ್ಲಿ ಯಾಕಿಲ್ಲ?" ಯಾರೂ ಬರೆದಿಡಲಿಲ್ಲ, ಬರೆದದ್ದನ್ನು ಯಾರೂ ಉಳಿಸಲಿಲ್ಲ ಎಂದು ಹೇಳಿದ್ದೆ. ಐವತ್ತು ವರ್ಷಗಳ ನಮ್ಮ ಶಾಲೆಯ ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಬಿಸಿಯೂಟದ ಲೆಕ್ಕ, ಕಟ್ಟಡಕ್ಕೆ ಕಲ್ಲು ಹೊತ್ತವರ ಕೂಲಿ ಪಟ್ಟಿ, ರಜೆ ಕೇಳಿ ಪೋಷಕರು ಬರೆದ ಚೀಟಿ ಇವುಗಳಲ್ಲಿ ಎಷ್ಟು ಉಳಿದಿವೆಯೋ ಅಷ್ಟನ್ನಾದರೂ ಗೆದ್ದಲು, ಮಳೆನೀರಿನಿಂದ ಕಾಪಾಡಬೇಕು. ಹಳೆ ವಿದ್ಯಾರ್ಥಿಗಳ ಮನೆಯ ಅಟ್ಟದಲ್ಲಿ ಹಳೆಯ ಅಂಕಪಟ್ಟಿ, ಗುಂಪು ಫೋಟೋ, ಪತ್ರಗಳಿದ್ದರೆ ಒಂದು ಪ್ರತಿ ಮಾಡಿಸಿ ಶಾಲೆಗೆ ಕೊಡಿ. ಫೋಟೋದ ಹಿಂದೆ ಎಲ್ಲರ ಹೆಸರನ್ನೂ ಬರೆಯಿರಿ. ಗಂಟೆ ಬಾರಿಸುತ್ತಿದ್ದವರ ಹೆಸರನ್ನೂ, ಅಡುಗೆ ಮಾಡಿ ಬಡಿಸುತ್ತಿದ್ದವರ ಹೆಸರನ್ನೂ ಬಿಡದೆ ಬರೆಯಿರಿ.