ಸಂಜೆಯ ಒಂಟಿ ಹೊತ್ತು: ಸೊನ್ನಲಿಗೆಯಿಂದ ಗಿರಣಿಯ ಭೋಂಗಾದವರೆಗೆ

"ಸಂಜೀಕ ಹೊರಗ ಆಡಾಕ ಹೋಗೂದಿಲ್ರಿ ಸರ್, ಒಬ್ಬನ ಮೂಲ್ಯಾಗ ಕೂಡ್ತಾನ" ಎಂದು ಅಕ್ಕಲಕೋಟೆ ಕಡೆಯ ಪಾಲಕರು ನಮ್ಮಲ್ಲಿ ಆಗಾಗ ಹೇಳುತ್ತಾರೆ. ಈ ಚಿಂತೆ ಹಳೆಯದು. ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. ಅಲ್ಲಿಯ ಮುದ್ದುಗೌಡ, ಸುಗ್ಗವ್ವೆಯರ ಮಗನೂ ಮಾತಾಡದ ಹುಡುಗನೇ. ಮಂದಬುದ್ಧಿಯವನೆಂದು ತಿಳಿದು ದನ ಕಾಯಲು ಕಳಿಸಿದರೆಂದು ರಾಘವಾಂಕನ 'ಸಿದ್ಧರಾಮ ಚಾರಿತ್ರ' ಹೇಳುತ್ತದೆ. ಅದೇ ಹುಡುಗ 12ನೆಯ ಶತಮಾನದಲ್ಲಿ ಊರಿಗೆ ಕೆರೆ ಕಟ್ಟಿಸಿದ. ಇಂದು ಸಂಕ್ರಾಂತಿ ಗಡ್ಡಾ ಯಾತ್ರೆಗೆ ಲಕ್ಷಗಟ್ಟಲೆ ಮಂದಿ ಸೇರುವುದು ಆತನ ಹೆಸರಿನಲ್ಲಿಯೇ!

ಕೆರೆ, ಗುಡಿ ಎಂದು ದುಡಿದ ಸಿದ್ಧರಾಮನಿಗೆ ಕಲ್ಯಾಣದಲ್ಲಿ ಚನ್ನಬಸವಣ್ಣನಿಂದ ಇಷ್ಟಲಿಂಗ ದೊರೆಯಿತೆಂಬುದು ಶರಣರ ಪರಂಪರೆ. ಇಷ್ಟಲಿಂಗ ಪೂಜೆಗೆ ಗುಡಿ ಬೇಡ, ಜನ ಬೇಡ. ನಮ್ಮ ಅಜ್ಜಂದಿರು ಹೊತ್ತು ಮುಳುಗಿದ ಮೇಲೆ ಕೈಕಾಲು ತೊಳೆದು, ವಿಭೂತಿ ಧರಿಸಿ, ಎಡ ಅಂಗೈಯ ಲಿಂಗವನ್ನೇ ನೋಡುತ್ತ ಕೂಡುತ್ತಿದ್ದರು. ಆಗ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ. ಒಬ್ಬರೇ ಕೂಡುವುದಕ್ಕೆ ಮನೆಯಲ್ಲಿ ಮರ್ಯಾದೆ ಇತ್ತು ಎಂದೇ ನಾವು ಇದನ್ನು ಓದುತ್ತೇವೆ.

1877ರಲ್ಲಿ ಸೊಲ್ಲಾಪುರದ ಮೊದಲ ಬಟ್ಟೆ ಗಿರಣಿ ಸುರುವಾಯಿತು. ಕನ್ನಡ, ತೆಲುಗು, ಮರಾಠಿ ಮಂದಿ ಅದರ ಭೋಂಗಾ ಕೇಳಿ ಏಳತೊಡಗಿದರು. ಗಂಡಸರ ದುಡಿಮೆಗೆ ಕಾನೂನು ಮಿತಿ ಹಾಕಿದ್ದೇ 1911ರಲ್ಲಿ, ಅದೂ ದಿನಕ್ಕೆ 12 ತಾಸು! 1922ರಲ್ಲಿ 11, 1934ರಲ್ಲಿ 10, 1948ರ ಕಾಯ್ದೆಯಲ್ಲಿ ದಿನಕ್ಕೆ 9, ವಾರಕ್ಕೆ 48. ಒಂದೊಂದು ತಾಸು ಕಡಿಮೆಯಾಗಲು ಹತ್ತಾರು ವರ್ಷ ಬೇಕಾದವು. ಹೀಗೆ ಮರಳಿ ಬಂದ ಸಂಜೆಯಲ್ಲಿ ಕಟ್ಟೆಯ ಮೇಲೆ ಸುಮ್ಮನೆ ಕುಳಿತ ಕಾರ್ಮಿಕನನ್ನು ಸೋಮಾರಿ ಎನ್ನಲಾದೀತೇ?

ಹೆಣ್ಣುಮಕ್ಕಳ ಮಾತು ಬೇರೆ. ಸೊಲ್ಲಾಪುರದಲ್ಲಿ ಬೀಡಿ ಕಟ್ಟುವವರಲ್ಲಿ ಅವರೇ ಹೆಚ್ಚು. 1966ರ ಬೀಡಿ ಕಾರ್ಮಿಕರ ಕಾಯ್ದೆ ಕಾರಖಾನೆಯೊಳಗಿನ ದುಡಿಮೆಗೆ ತಾಸು ಗೊತ್ತು ಮಾಡಿತು. ಮನೆಯಲ್ಲಿ ಕಟ್ಟುವ ಬೀಡಿಗೆ ಕೂಲಿ ಸಾವಿರದ ಲೆಕ್ಕ, ತಾಸಿನ ಲೆಕ್ಕವಿಲ್ಲ. ಅಡುಗೆ ಮುಗಿಸಿ ತಾಯಿ ಮತ್ತೆ ಮೊರ ಹಿಡಿದು ಕೂಡುತ್ತಾಳೆ. ಮಗಳು ಪಕ್ಕದಲ್ಲಿ ಎಲೆ ಕತ್ತರಿಸುತ್ತಾಳೆ. ಆ ಮಗಳು ಮರುದಿನ ತರಗತಿಯ ಕೊನೆಯ ಸಾಲಿನಲ್ಲಿ ಮಾತಿಲ್ಲದೆ ಕುಳಿತರೆ, "ಇವಳು ಯಾರ ಕೂಡಾನೂ ಬೆರೆಯೋದಿಲ್ಲ" ಎಂದು ಬರೆಯುವ ಮೊದಲು ಅವಳ ಸಂಜೆ ಹೇಗೆ ಕಳೆಯಿತೆಂದು ಕೇಳಬೇಕಾದವರು ಶಿಕ್ಷಕರಾದ ನಾವೇ.