ಸೇಲಂ ಗ್ರಾಮದ ಮಾಟದ ಮೊಕದ್ದಮೆಗಳು

1692ನೆಯ ಇಸವಿಯ ಜೂನ್ ತಿಂಗಳ ಕೊನೆಯಲ್ಲಿ ಉತ್ತರ ಅಮೆರಿಕದ ಮೆಸಾಚುಸೆಟ್ಸ್ ಪ್ರಾಂತದ ಸೇಲಂ ಪಟ್ಟಣದ ನ್ಯಾಯಸ್ಥಾನದಲ್ಲಿ ಹನ್ನೆರಡು ಮಂದಿ ಜೂರಿಗಳು 71 ವರ್ಷದ ಮುದುಕಿಯೊಬ್ಬಳನ್ನು ನಿರ್ದೋಷಿಯೆಂದು ಸಾರಿದರು. ಅನಂತರ ಹೊಸ ಸಾಕ್ಷಿಯೊಬ್ಬನೂ ಬಾರದೆ, ಹೊಸ ಪ್ರಮಾಣವೊಂದೂ ಹುಟ್ಟದೆ, ಅದೇ ಹನ್ನೆರಡು ಮಂದಿ ಅದೇ ಮುದುಕಿಯನ್ನು ದೋಷಿಯೆಂದು ಸಾರಿದರು. ಮೂರು ವಾರಗಳೊಳಗೆ ಆಕೆಯನ್ನು ಗಲ್ಲಿಗೇರಿಸಿದರು. ಆಕೆಯ ಹೆಸರು ರೆಬೆಕ್ಕಾ ನರ್ಸ್; ಆಕೆಯ ಮೇಲೆ ಹೊರಿಸಿದ ಅಪರಾಧವು ಮಾಟ. ಜೂರಿಗಳಾದರೋ ಕಟುಕರಲ್ಲ, ದೈವಭೀರುಗಳಾದ ಗೃಹಸ್ಥರು. ಇಂಥವರ ಬಾಯಿಂದ ಮೊದಲು ಒಂದು ಮಾತೂ ಬಳಿಕ ಇನ್ನೊಂದು ಮಾತೂ ಹೇಗೆ ಹೊರಟವೆಂಬುದು ಆ ವರ್ಷದ ಕಥೆಯನ್ನು ಮೊದಲಿನಿಂದ ನೋಡಿದಲ್ಲದೆ ತಿಳಿಯುವಂತಿಲ್ಲ.

ಸೇಲಂ ಎಂದೊಡನೆ ವಾಚಕರು ಕಾವೇರಿಯ ಸೀಮೆಯ ಸೇಲಮನ್ನು ನೆನೆಯಬಾರದು. ಇದು ಇಂಗ್ಲೆಂಡಿನಿಂದ ವಲಸೆಹೋದ ಪ್ಯೂರಿಟನ್ ಪಂಥದ ಕ್ರೈಸ್ತರು ಕಡಲ ದಂಡೆಯಲ್ಲಿ ಕಟ್ಟಿಕೊಂಡ ಪಟ್ಟಣ. ಪಟ್ಟಣಕ್ಕೆ ಕೆಲವು ಮೈಲಿ ಒಳಗೆ, ಅದಕ್ಕೆ ಅಧೀನವಾಗಿ, ಒಕ್ಕಲಿಗರ ಒಂದು ಹಳ್ಳಿಯಿತ್ತು. ಇದನ್ನು ಸೇಲಂ ಗ್ರಾಮವೆಂದು ಕರೆಯುತ್ತಿದ್ದರು. ಈಗ ಅದಕ್ಕೆ ಡ್ಯಾನ್ವರ್ಸ್ ಎಂದು ಹೆಸರು. ಐದಾರು ನೂರು ಜನರ ಈ ಹಳ್ಳಿಯಲ್ಲಿ ಗಡಿಯ ವ್ಯಾಜ್ಯ, ಆಸ್ತಿಯ ವ್ಯಾಜ್ಯ, ಪಟ್ಟಣದಿಂದ ಬೇರೆಯಾಗಬೇಕೆಂಬುವರಿಗೂ ಬೇಡವೆಂಬುವರಿಗೂ ಕಲಹ, ಎಲ್ಲವೂ ಹೇರಳವಾಗಿದ್ದುವು. ಪಟ್ನಂ ಮನೆತನದವರು ಒಂದು ಕಡೆ, ಪೋರ್ಟರ್ ಮನೆತನದವರು ಇನ್ನೊಂದು ಕಡೆ. ಸ್ಯಾಮ್ಯುಅಲ್ ಪ್ಯಾರಿಸ್ ಎಂಬ ಹೊಸ ಪಾದ್ರಿಯು ಬಂದಮೇಲೆ ಆತನ ಸಂಬಳ, ಸೌದೆ, ಮನೆ ಇವುಗಳ ವಿಷಯದಲ್ಲಿ ಹಳ್ಳಿಯು ಮತ್ತೆ ಎರಡಾಯಿತು. 1691ರ ಅಕ್ಟೋಬರಿನಲ್ಲಿ ಗ್ರಾಮದ ಪಂಚರು ಆತನ ಸಂಬಳಕ್ಕಾಗಿ ತೆರಿಗೆಯನ್ನೆತ್ತಲು ಒಪ್ಪಲಿಲ್ಲ. ಇವುಗಳ ಮೇಲೆ, ಉತ್ತರದ ಗಡಿಯಲ್ಲಿ ಮೂಲನಿವಾಸಿಗಳೊಡನೆ ಯುದ್ಧ. ಅಲ್ಲಿ ಮನೆಮಾರು ಸುಟ್ಟು ತಂದೆತಾಯಿಗಳನ್ನು ಕಳೆದುಕೊಂಡು ಓಡಿಬಂದ ಹುಡುಗಿಯರು ಸೇಲಮಿನ ಮನೆಗಳಲ್ಲಿ ದಾಸಿಯರಾಗಿದ್ದರು. ಪ್ರಾಂತದ ಹಳೆಯ ಸನ್ನದು 1684ರಲ್ಲಿ ರದ್ದಾಗಿತ್ತು. ಹೊಸದು ಇನ್ನೂ ಬಂದಿರಲಿಲ್ಲ. ಭಯವು ಮೊದಲೇ ಮನೆಮನೆಯಲ್ಲಿತ್ತು. ಅದಕ್ಕೆ ಒಂದು ಮುಖ ಬೇಕಾಗಿತ್ತಷ್ಟೆ.

1692ರ ಚಳಿಗಾಲದಲ್ಲಿ ಪ್ಯಾರಿಸನ ಒಂಬತ್ತು ವರ್ಷದ ಮಗಳೂ, ಹನ್ನೊಂದು ವರ್ಷದ ಬಂಧುವಿನ ಹುಡುಗಿಯಾದ ಆಬಿಗೇಲ್ ವಿಲಿಯಂಸಳೂ ಮೈ ಸೆಟೆದು ಕೂಗಾಡತೊಡಗಿದರು. ವೈದ್ಯನು ಇದು ದುಷ್ಟಶಕ್ತಿಯ ಕೈವಾಡವೆಂದನು. ದೊಡ್ಡವರು ಸುತ್ತ ಕುಳಿತು ‘ಯಾರು ನಿಮ್ಮನ್ನು ಹಿಂಸಿಸುವವರು?’ ಎಂದು ಕೇಳಿದರು, ಕೇಳುತ್ತಲೇ ಇದ್ದರು. ಕಡೆಗೆ ಮೂರು ಹೆಸರುಗಳು ಬಂದುವು. ಒಬ್ಬಳು ಪಾದ್ರಿಯ ಮನೆಯ ಗುಲಾಮಳಾದ ಟಿಟುಬಾ. ಒಬ್ಬಳು ಮನೆಮನೆಗೆ ಬೇಡಿ ತಿನ್ನುತ್ತಿದ್ದ ಸಾರಾ ಗುಡ್. ಇನ್ನೊಬ್ಬಳು ಆಸ್ತಿಯ ಜಗಳದಲ್ಲಿ ಹೆಸರು ಕೆಟ್ಟಿದ್ದ ಸಾರಾ ಆಸ್ಬರ್ನ್. ಊರಿನಲ್ಲಿ ಯಾರ ಪರವಾಗಿ ಯಾರೂ ಮಾತನಾಡರೋ ಅವರ ಹೆಸರುಗಳೇ ಮೊದಲು ಬಂದುವೆಂಬುದನ್ನು ಗಮನಿಸಬೇಕು. ಟಿಟುಬಾ ಅಪರಾಧವನ್ನು ಒಪ್ಪಿಕೊಂಡಳು. ಅಷ್ಟೇ ಅಲ್ಲದೆ ಸೈತಾನನ ಪುಸ್ತಕದಲ್ಲಿ ಒಂಬತ್ತು ಗುರುತುಗಳನ್ನು ಕಂಡೆನೆಂದಳು. ತಿಳಿದ ಹೆಸರುಗಳು ಎರಡೇ. ಉಳಿದವರಾರು ಎಂಬ ಪ್ರಶ್ನೆಯು ಅಂದಿನಿಂದ ಪ್ರತಿ ಮನೆಯ ಹೊಸ್ತಿಲಲ್ಲಿ ನಿಂತಿತು. ಸಾರಾ ಗುಡ್ಡಳ ಮಗಳು ನಾಲ್ಕೈದು ವರ್ಷದ ಕೂಸು. ಅದನ್ನೂ ಹಿಡಿದು ಸಂಕೋಲೆ ತೊಡಿಸಿ ತಿಂಗಳುಗಟ್ಟಲೆ ಸೆರೆಮನೆಯಲ್ಲಿಟ್ಟರು. ಅದಕ್ಕೆ ಮತ್ತೆಂದೂ ಬುದ್ಧಿ ಸ್ವಾಸ್ಥ್ಯವುಂಟಾಗಲಿಲ್ಲವೆಂದು ತಂದೆಯು 1710ರಲ್ಲಿ ಸರಕಾರಕ್ಕೆ ಬಿನ್ನವಿಸಿಕೊಂಡಿದ್ದಾನೆ.

ಮಾರ್ಚ್ 24ರಂದು ರೆಬೆಕ್ಕಾ ನರ್ಸಳ ವಿಚಾರಣೆ. ಆಕೆಯು ಬೇಡುವವಳಲ್ಲ, ಮಕ್ಕಳು ಮೊಮ್ಮಕ್ಕಳ ತುಂಬಿದ ಮನೆಯವಳು, ಧರ್ಮನಿಷ್ಠೆಯಲ್ಲಿ ಊರಿಗೆ ಹಿರಿಯಳು. ಕಾಯಿಲೆಯಿಂದೆದ್ದು ಬಂದ ಮುದುಕಿಯು ನಿಲ್ಲಲಾರದೆ ಕುತ್ತಿಗೆಯನ್ನು ಒಂದು ಪಕ್ಕಕ್ಕೆ ವಾಲಿಸಿದರೆ ಹುಡುಗಿಯರ ಕುತ್ತಿಗೆಗಳೂ ವಾಲಿದುವು. ನೆರೆದ ಜನರು ಬೆಚ್ಚಿಬಿದ್ದರು. ಇಷ್ಟೆಲ್ಲ ಸಂಕಟವನ್ನು ಕಂಡೂ ನಿನ್ನ ಕಣ್ಣಿನಲ್ಲಿ ನೀರಿಲ್ಲವಲ್ಲ ಎಂದು ಮ್ಯಾಜಿಸ್ಟ್ರೇಟನಾದ ಹಾಥಾರ್ನನು ಆಕೆಯನ್ನು ಕೇಳಿದನು; ತನ್ನ ಹೃದಯವು ಅವನಿಗೆ ತಿಳಿಯದೆಂದು ಆಕೆಯು ಉತ್ತರಕೊಟ್ಟಳು. ಅತ್ತಿದ್ದರೆ ಪಾಪಭೀತಿಯೆನ್ನುತ್ತಿದ್ದರು, ಅಳದಿದ್ದುದರಿಂದ ಕಲ್ಲೆದೆಯೆಂದರು. ಹುಡುಗಿಯರ ಈ ಬೇನೆಗೆ ಬೂಷ್ಟು ಹಿಡಿದ ರೈ ಧಾನ್ಯದ ರೊಟ್ಟಿಯ ವಿಷವೇ ಕಾರಣವೆಂದು 1976ರಲ್ಲಿ ಒಂದು ವಾದವು ಹುಟ್ಟಿತು. ಆಪಾದಿತಳ ಕುತ್ತಿಗೆಯ ಚಲನೆಯನ್ನು ನೋಡಿಕೊಂಡು ಕೆಲಸಮಾಡುವ ಬೂಷ್ಟು ಯಾವುದೋ ಆ ವಾದಿಗಳೇ ಹೇಳಬೇಕು.

ಹುಡುಗಿಯರು ಕೇವಲ ನಟಿಸುತ್ತಿದ್ದರೆನ್ನುವುದೂ ಸುಲಭವಾದ ಮಾತು. ಮೇರಿ ವಾರೆನ್ ಎಂಬವಳ ವೃತ್ತಾಂತವು ಇಲ್ಲಿ ಬಹಳ ಬೆಳಕನ್ನು ಕೊಡುತ್ತದೆ. ಈಕೆಯು ಜಾನ್ ಪ್ರಾಕ್ಟರ್ ಎಂಬ ಒಕ್ಕಲಿಗನ ಮನೆಯ ದಾಸಿ. ವಯಸ್ಸು ಇಪ್ಪತ್ತರ ಸುಮಾರು. ಪ್ರಾಕ್ಟರನಿಗೆ ಈ ಭೂತಚೇಷ್ಟೆಯಲ್ಲಿ ನಂಬಿಕೆಯಿಲ್ಲ. ಈಕೆಯನ್ನು ರಾಟೆಯ ಮುಂದೆ ಕೂರಿಸಿ, ಮತ್ತೆ ಮೈಮೇಲೆ ಬಂದರೆ ಹೊಡೆಯುವೆನೆಂದು ಹೆದರಿಸಿದನು. ಮೈಮೇಲೆ ಬರುವುದು ನಿಂತಿತು. ಏಪ್ರಿಲಿನಲ್ಲಿ ಈಕೆಯು ತನಗೆ ಗುಣವಾಯಿತೆಂದು ದೇವರಿಗೆ ಕೃತಜ್ಞತೆ ಸಲ್ಲಿಸುವ ಚೀಟಿಯನ್ನು ಪ್ರಾರ್ಥನಾಮಂದಿರದಲ್ಲಿ ಅಂಟಿಸಿದಳು; ಉಳಿದ ಹುಡುಗಿಯರದು ಸೋಗೆಂದೂ ಹೇಳಿದಳು. ಕೂಡಲೇ ಆ ಹುಡುಗಿಯರು ಈಕೆಯ ಹೆಸರನ್ನೇ ಮಾಟಗಾತಿಯರ ಪಟ್ಟಿಗೆ ಸೇರಿಸಿದರು. ನಿನ್ನೆ ಫಿರ್ಯಾದಿಗಳ ಬೆಂಚಿನಲ್ಲಿದ್ದವಳು ಇಂದು ಕೈದಿ. ವಿಚಾರಣೆಯ ನಡುವೆ ಮತ್ತೆ ಮೈ ಸೆಟೆಯಿತು, ಮತ್ತೆ ಹೆಸರುಗಳು ಬಂದುವು. ಕೆಲವು ದಿನಗಳಲ್ಲಿ ಮೇರಿ ವಾರೆನ್ ಗುಂಪಿನೊಳಕ್ಕೆ ಹಿಂದಿರುಗಿ ಸುಖವಾಗಿದ್ದಳು. ಆಗಸ್ಟ್ 19ರಂದು ಆಕೆಯ ಯಜಮಾನನು ಗಲ್ಲಿಗೇರಿದನು.

ಮೇ ತಿಂಗಳಲ್ಲಿ ಹೊಸ ಸನ್ನದಿನೊಡನೆ ಗವರ್ನರ್ ವಿಲಿಯಂ ಫಿಪ್ಸನು ಬಂದು ಈ ಮೊಕದ್ದಮೆಗಳಿಗೆಂದೇ ಒಂದು ವಿಶೇಷ ನ್ಯಾಯಸ್ಥಾನವನ್ನು ನೇಮಿಸಿದನು. ಮುಖ್ಯ ನ್ಯಾಯಾಧೀಶನಾದ ವಿಲಿಯಂ ಸ್ಟೌಟನ್, ಅವನ ಜೊತೆಗಾರನಾದ ಸ್ಯಾಮ್ಯುಅಲ್ ಸ್ಯೂಅಲ್ ಇವರು ಹಾರ್ವರ್ಡಿನಲ್ಲಿ ಓದಿದ ವಿದ್ವಾಂಸರು. ವಿದ್ಯೆಯು ಇಲ್ಲಿ ಯಾರನ್ನೂ ಕಾಯಲಿಲ್ಲ. ಆಪಾದಿತರ ರೂಪವು ಛಾಯೆಯಾಗಿ ಬಂದು ತಮ್ಮನ್ನು ಹಿಂಡಿತೆಂದು ಹುಡುಗಿಯರು ಹೇಳಿದರೆ ಅದನ್ನು ನ್ಯಾಯಸ್ಥಾನವು ಪ್ರಮಾಣವಾಗಿ ಸ್ವೀಕರಿಸಿತು. ಜೂನ್ 10ರಂದು ಬ್ರಿಜೆಟ್ ಬಿಷಪ್ ಎಂಬವಳನ್ನು ಗಲ್ಲಿಗೇರಿಸಿದಮೇಲೆ ನ್ಯಾಯಾಧೀಶರಲ್ಲೊಬ್ಬನಾದ ನಥಾನಿಯಲ್ ಸಾಲ್ಟನ್‌ಸ್ಟಾಲನು ಅಸಮಾಧಾನದಿಂದ ಪದವಿಯನ್ನು ಬಿಟ್ಟು ಮನೆಗೆ ಹೋದನು. ಉಳಿದವರು ಕುಳಿತೇ ಇದ್ದರು. ಬಾಸ್ಟನ್ನಿನ ಪಾದ್ರಿಗಳ ಅಭಿಪ್ರಾಯವನ್ನು ಕೇಳಲು, ಅವರು ಛಾಯೆಯ ಸಾಕ್ಷ್ಯವನ್ನು ನೆಚ್ಚಬಾರದೆಂದು ಬರೆದು, ಕೊನೆಯಲ್ಲಿ ಮೊಕದ್ದಮೆಗಳನ್ನು ಚುರುಕಾಗಿ ನಡೆಸಬೇಕೆಂದೂ ಬರೆದರು. ನ್ಯಾಯಾಧೀಶರು ಮೇಲಿನ ಸಾಲುಗಳನ್ನು ಬಿಟ್ಟು ಕಡೆಯ ಸಾಲನ್ನು ಹಿಡಿದರು.

ಈಗ ಜೂನ್ ಕೊನೆಯ ಆ ತೀರ್ಪಿಗೆ ಬರಬಹುದು. ರೆಬೆಕ್ಕಾ ನರ್ಸಳ ಪರವಾಗಿ ಇಸ್ರೇಲ್ ಪೋರ್ಟರನೇ ಮೊದಲಾದ 39 ಮಂದಿ ನೆರೆಹೊರೆಯವರು ಒಂದು ಬಿನ್ನವತ್ತಳೆಗೆ ಸಹಿಮಾಡಿದ್ದರು. ಹಲವು ವರ್ಷಗಳಿಂದ ಆಕೆಯನ್ನು ಬಲ್ಲೆವು, ಇಂಥ ಸಂಶಯಕ್ಕೆ ಆಕೆಯು ಎಂದೂ ಎಡೆಗೊಟ್ಟವಳಲ್ಲವೆಂಬುದು ಅದರ ತಾತ್ಪರ್ಯ. ಆ ದಿನಗಳಲ್ಲಿ ಇಂಥ ಸಹಿಯೆಂದರೆ ತನ್ನ ಕೊರಳಿಗೇ ಹಗ್ಗವನ್ನು ಅಳೆದಂತೆ. ಸಹಿಮಾಡಿದವರಲ್ಲಿ ಜಾನಥನ್ ಪಟ್ನಂ ಒಬ್ಬನು. ಮಾರ್ಚಿಯಲ್ಲಿ ರೆಬೆಕ್ಕಳ ಮೇಲೆ ಫಿರ್ಯಾದು ಕೊಟ್ಟ ಇಬ್ಬರಲ್ಲಿ ಒಬ್ಬನು ಇದೇ ಜಾನಥನ್ ಪಟ್ನಂ! ಮನೆತನದವರ ನಡುವೆ ನಿಂತು ಫಿರ್ಯಾದಿಗೆ ಹಾಕಿದ ಸಹಿಯೂ, ಪೋರ್ಟರನ ಕಾಗದಕ್ಕೆ ಹಾಕಿದ ಸಹಿಯೂ ಒಂದೇ ಕೈಯವು. ಎರಡರಲ್ಲಿಯೂ ಆತನು ಪ್ರಾಮಾಣಿಕನಾಗಿದ್ದಿರಬಹುದು.

ಜೂರಿಗಳು ನಿರ್ದೋಷಿಯೆಂದೊಡನೆ ಹುಡುಗಿಯರು ನ್ಯಾಯಸ್ಥಾನವು ನಡುಗುವಂತೆ ಚೀರಿದರು. ನ್ಯಾಯಾಧೀಶರ ಮುಖಗಳು ಗಂಟಿಕ್ಕಿದುವು. ಸ್ಟೌಟನನು, ತಾನು ಜೂರಿಗಳನ್ನು ಒತ್ತಾಯಿಸುವುದಿಲ್ಲವೆಂದೂ, ಆದರೆ ಆಪಾದಿತಳು ಆಡಿದ ಒಂದು ಮಾತನ್ನು ಅವರು ಗಮನಿಸಿದಂತೆ ತೋರುವುದಿಲ್ಲವೆಂದೂ ಹೇಳಿದನು. ತಪ್ಪೊಪ್ಪಿಕೊಂಡಿದ್ದ ಕೈದಿಯೊಬ್ಬಳನ್ನು ಸಾಕ್ಷಿಗೆ ತಂದಾಗ, ಇವಳು ನಮ್ಮವಳಲ್ಲವೆ, ಇವಳನ್ನೇಕೆ ತಂದಿರೆಂದು ರೆಬೆಕ್ಕಳು ಹೇಳಿದ್ದಳು. ಜೊತೆಯ ಕೈದಿಯೆಂಬುದು ಆಕೆಯ ಅಭಿಪ್ರಾಯ. ಜೊತೆಯ ಮಾಟಗಾತಿಯೆಂಬುದು ನ್ಯಾಯಾಧೀಶರ ವ್ಯಾಖ್ಯಾನ. ಜೂರಿಗಳು ಒಳಕ್ಕೆ ಹೋದರು. ಒಮ್ಮತವಾಗದೆ ಹೊರಕ್ಕೆ ಬಂದರು. ಅವರ ಮುಖ್ಯಸ್ಥನಾದ ಥಾಮಸ್ ಫಿಸ್ಕನು ಆ ಮಾತಿನ ಅರ್ಥವೇನೆಂದು ಆಕೆಯನ್ನೇ ಕೇಳಿದನು. ಮುದುಕಿಗೆ ಕಿವಿ ಮಂದ, ಮನಸ್ಸು ದುಃಖದಿಂದ ತುಂಬಿತ್ತು. ಪ್ರಶ್ನೆಯು ಕೇಳಿಸಲೇ ಇಲ್ಲ. ಆಕೆಯು ಸುಮ್ಮನಿದ್ದಳು. ಆ ಮೌನವನ್ನೇ ಒಪ್ಪಿಗೆಯೆಂದು ಹಿಡಿದು ತೀರ್ಪನ್ನು ತಿರುವಿದರು. ಗವರ್ನರನು ಒಮ್ಮೆ ಶಿಕ್ಷೆಯನ್ನು ತಡೆದನು; ಮತ್ತೆ ಕೂಗೆದ್ದಿತು, ತಡೆಯನ್ನು ತೆಗೆದನು. ಜುಲೈ 19ರಂದು ಇನ್ನು ನಾಲ್ವರು ಹೆಂಗಸರೊಡನೆ ಆಕೆಯನ್ನು ಗಲ್ಲಿಗೇರಿಸಿದರು.

ಈ ಮೊಕದ್ದಮೆಗಳ ಅತ್ಯಂತ ವಿಚಿತ್ರವಾದ ನಿಯಮವೆಂದರೆ, ಮಾಟಮಾಡಿದೆನೆಂದು ಒಪ್ಪಿಕೊಂಡು ಅದಕ್ಕೇ ಅಂಟಿಕೊಂಡವರಲ್ಲಿ ಒಬ್ಬರನ್ನೂ ಗಲ್ಲಿಗೇರಿಸಲಿಲ್ಲ, ಇಲ್ಲವೆಂದವರು ಸತ್ತರು. ಹೀಗೆ ಸತ್ಯವಂತರು ಕಡಮೆಯಾಗುತ್ತ ಒಪ್ಪಿಕೊಂಡವರು ಐವತ್ತರ ಸುಮಾರಿಗೆ ಬೆಳೆದರು. ಒಬ್ಬೊಬ್ಬರ ಒಪ್ಪಿಗೆಯೂ ಉಳಿದವರ ಅಪರಾಧಕ್ಕೆ ಹೊಸ ಪ್ರಮಾಣವಾಯಿತು. ಎಲ್ಲರೂ ಪ್ರಾಣಭಯದಿಂದಲೇ ಸುಳ್ಳಾಡಿದರೆಂದು ಭಾವಿಸಬಾರದು. ನೆರೆಯೂರಾದ ಆಂಡೋವರಿನ ಮೇರಿ ಟೈಲರಳನ್ನು ಸೇಲಮಿಗೆ ಒಯ್ಯುವಾಗ ಆಕೆಯ ಬಂಧುವೊಬ್ಬನು ದಾರಿಯುದ್ದಕ್ಕೂ ಜೊತೆಯಲ್ಲಿ ಬಂದು, ನೀನು ಮಾಟಗಾತಿಯೇ ಸರಿ, ಇಷ್ಟು ಮಂದಿ ಸತ್ಪುರುಷರು ಇಂಥ ಭ್ರಾಂತಿಗೊಳಗಾಗುವಂತೆ ದೇವರು ಬಿಟ್ಟಾನೆಯೆ ಎಂದು ಒಂದೇ ಸಮನೆ ಹೇಳಿದನು. ಆಕೆಯು ಮೊದಮೊದಲು ಅಲ್ಲವೆಂದಳು, ಅತ್ತಳು, ತನ್ನನ್ನು ಸೆರೆಮನೆಗೆ ಒಯ್ದುಬಿಡಿರೆಂದು ಬೇಡಿಕೊಂಡಳು. ಕಡೆಗೆ ಅವರ ಮಾತೇ ನಿಜವಿರಬಹುದೆಂದು ಬಗೆದು ಒಪ್ಪಿಕೊಂಡಳು. ಅಕ್ಟೋಬರಿನಲ್ಲಿ ಹಿರಿಯ ಪಾದ್ರಿಯಾದ ಇಂಕ್ರೀಸ್ ಮೇದರನು ಸೆರೆಮನೆಗೆ ಬಂದು ವಿಚಾರಿಸಿದಾಗ ಆಕೆಯು ಇದನ್ನೆಲ್ಲ ಕಣ್ಣೀರಿನೊಡನೆ ತಿಳಿಸಿದಳು. ಸ್ವಜನರ ಪ್ರೀತಿಯು ಶತ್ರುಗಳ ಬೆದರಿಕೆಗಿಂತ ಎಷ್ಟು ಬಲವಾದ ಪಾಶವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಚರಿತ್ರೆಯಲ್ಲಿ ಅಪೂರ್ವ.

ಜೈಲ್ಸ್ ಕೋರಿಯೆಂಬ ಎಂಬತ್ತು ವರ್ಷದ ಮುದುಕನ ಕಥೆಯೂ ಇದೆ. ಮಾರ್ಚಿಯಲ್ಲಿ ಊರಿನವರೊಡನೆ ಸೇರಿ ಆತನು ತನ್ನ ಹೆಂಡತಿಯ ಮೇಲೆಯೇ ಸಂಶಯದ ಹೇಳಿಕೆಯನ್ನು ಕೊಟ್ಟನು. ಬಳಿಕ ಆತನ ಹೆಸರೂ ಬಂದಿತು. ಆಗ ಆತನು ನ್ಯಾಯಸ್ಥಾನದ ವಿಚಾರಣೆಗೆ ತಲೆಬಾಗಲು ಒಪ್ಪಲಿಲ್ಲ. ಸೆಪ್ಟೆಂಬರ್ 19ರಂದು ಎದೆಯ ಮೇಲೆ ಕಲ್ಲುಗಳನ್ನು ಹೇರಿ ಆತನನ್ನು ಕೊಂದರು. ಮೂರು ದಿನಗಳ ಮೇಲೆ ಆತನ ಹೆಂಡತಿ ಮಾರ್ಥಾಳೂ ಇನ್ನು ಏಳು ಮಂದಿಯೂ ಗಲ್ಲಿಗೇರಿದರು. ಅದೇ ಕೊನೆಯ ಗಲ್ಲು. ಒಟ್ಟು 14 ಮಂದಿ ಹೆಂಗಸರು, 5 ಮಂದಿ ಗಂಡಸರು ನೇಣಿನಲ್ಲಿ. ಕೋರಿ ಕಲ್ಲಿನ ಕೆಳಗೆ. ಐವರಿಗೆ ಕಡಮೆಯಿಲ್ಲದಂತೆ ಸೆರೆಮನೆಯಲ್ಲಿ. ಸೆರೆಸಿಕ್ಕವರು ನೂರೈವತ್ತಕ್ಕೆ ಮೇಲ್ಪಟ್ಟಿದ್ದರು.

ಅಷ್ಟರಲ್ಲಿ ಆರೋಪದ ಕೈಯು ದೊಡ್ಡವರ ಮನೆಗಳನ್ನೂ ಮುಟ್ಟತೊಡಗಿತ್ತು. ಗವರ್ನರನ ಹೆಂಡತಿಯ ಹೆಸರೂ ಬಂದಿತೆಂಬ ಮಾತುಂಟು. ಬಾಸ್ಟನ್ನಿನ ವರ್ತಕನಾದ ಥಾಮಸ್ ಬ್ರ್ಯಾಟಲನು ಅಕ್ಟೋಬರಿನಲ್ಲಿ ಈ ವಿಚಾರಣೆಗಳನ್ನು ತೀವ್ರವಾಗಿ ಖಂಡಿಸಿದನು, ಆದರೆ ಖಾಸಗಿ ಪತ್ರದಲ್ಲಿ. ಮೇದರನೂ ಛಾಯೆಯ ಸಾಕ್ಷ್ಯಕ್ಕೆ ವಿರೋಧವಾಗಿ ಬರೆದನು. ಆ ತಿಂಗಳ ಕೊನೆಯಲ್ಲಿ ಫಿಪ್ಸನು ವಿಶೇಷ ನ್ಯಾಯಸ್ಥಾನವನ್ನು ನಿಲ್ಲಿಸಿದನು. 1693ರ ಜನವರಿಯಲ್ಲಿ ಛಾಯೆಯ ಸಾಕ್ಷ್ಯವನ್ನು ತಳ್ಳಿ ಹೊಸ ನ್ಯಾಯಸ್ಥಾನವು ಕುಳಿತಾಗ ದೋಷಿಗಳೆಂದು ತೀರ್ಪಾದವರು ಮೂವರೇ; ಅವರನ್ನೂ ಗವರ್ನರನು ಉಳಿಸಿದನು. ಜನರು ಅವರೇ, ಸೈತಾನನಲ್ಲಿ ನಂಬಿಕೆಯೂ ಅದೇ. ಮುಖ್ಯ ನ್ಯಾಯಾಧೀಶನೂ ಅದೇ ಸ್ಟೌಟನನು. ಆತನು ಕೋಪಗೊಂಡು ಪೀಠದಿಂದೆದ್ದುಹೋದನು.

ಪಶ್ಚಾತ್ತಾಪವು ಒಬ್ಬೊಬ್ಬರಾಗಿ ಬಂದಿತು. 1697ರ ಜನವರಿ 14ರಂದು ಪ್ರಾಂತವೆಲ್ಲ ಉಪವಾಸವನ್ನಾಚರಿಸಿದಾಗ ನ್ಯಾಯಾಧೀಶ ಸ್ಯೂಅಲನು ಬಾಸ್ಟನ್ನಿನ ಪ್ರಾರ್ಥನಾಮಂದಿರದಲ್ಲಿ ಎದ್ದುನಿಂತನು. ಆತನ ತಪ್ಪೊಪ್ಪಿಗೆಯನ್ನು ಪಾದ್ರಿಯು ಓದಿದನು. ಥಾಮಸ್ ಫಿಸ್ಕನೂ ಹನ್ನೊಂದು ಮಂದಿ ಜೂರಿಗಳೂ ಸಹಿಮಾಡಿ ಕ್ಷಮೆ ಬೇಡಿದರು. ಸ್ಟೌಟನನು ಮಾತ್ರ ಸಾಯುವವರೆಗೂ ಬೇಡಲಿಲ್ಲ. 1692ರಲ್ಲಿ ಹನ್ನೆರಡು ವರ್ಷದ ಹುಡುಗಿಯಾಗಿ ಅನೇಕರ ಹೆಸರುಗಳನ್ನು ಹೇಳಿದ್ದ ಆನ್ ಪಟ್ನಂ 1706ರಲ್ಲಿ ಸೇಲಂ ಗ್ರಾಮದ ಮಂದಿರದಲ್ಲಿ ಎಲ್ಲರೆದುರು ನಿಂತು, ವಿಶೇಷವಾಗಿ ರೆಬೆಕ್ಕಾ ನರ್ಸಳ ಮತ್ತು ಆಕೆಯ ಇಬ್ಬರು ತಂಗಿಯರ ವಿಷಯದಲ್ಲಿ ಧೂಳಿನಲ್ಲಿ ಹೊರಳಬೇಕಾದವಳೆಂದು ಒಪ್ಪಿಕೊಂಡಳು. ಕೋಪದಿಂದಲೂ ಹಗೆಯಿಂದಲೂ ಹಾಗೆ ಮಾಡಲಿಲ್ಲವೆಂದಳು. 1711ರಲ್ಲಿ ಸರಕಾರವು ಕೆಲವು ಕುಟುಂಬಗಳಿಗೆ ಪರಿಹಾರವನ್ನು ಕೊಟ್ಟಿತು. ಉಳಿದ ಹೆಸರುಗಳ ಕಳಂಕವನ್ನು 1957ರಲ್ಲಿಯೂ 2001ರಲ್ಲಿಯೂ ತೊಡೆದರು. ಆಂಡೋವರಿನ ಎಲಿಜಬೆತ್ ಜಾನ್ಸನ್ ಎಂಬ ಕಟ್ಟಕಡೆಯವಳ ಹೆಸರು ಬಿಟ್ಟುಹೋಗಿದ್ದು ಅದು 2022ರಲ್ಲಿ ಶುದ್ಧವಾಯಿತು.

ರೆಬೆಕ್ಕಾ ನರ್ಸಳ ಸಂತತಿಯವರು 1885ರಲ್ಲಿ ಡ್ಯಾನ್ವರ್ಸಿನ ತಮ್ಮ ಹಳೆಯ ಹೊಲದ ಸ್ಮಶಾನದಲ್ಲಿ ಆಕೆಗೊಂದು ಶಿಲಾಸ್ತಂಭವನ್ನು ನಿಲ್ಲಿಸಿದರು. ಕೆಲವು ವರ್ಷಗಳ ಮೇಲೆ ಅದರ ಸಮೀಪದಲ್ಲಿ ಇನ್ನೊಂದು ಕಲ್ಲನ್ನು ನೆಟ್ಟರು. ಅದರಲ್ಲಿರುವುವು ಬಿನ್ನವತ್ತಳೆಗೆ ಸಹಿಮಾಡಿದ ನೆರೆಹೊರೆಯವರ ಹೆಸರುಗಳು.